ತೊಗಟೆ ಮೇಲೋ ಕೆಳಗೋ

“ಗುರುಗಳೇ, ನನಗೆ ದಾರಿಯೇ ತೋಚುತ್ತಿಲ್ಲ,” ಎಂದ ಶಿಷ್ಯ. “ಮೊದಲು ಹೋದ ಮಠದಲ್ಲಿ ಕಣ್ಣು ಮುಚ್ಚಿ ಉಸಿರನ್ನು ನೋಡು ಎಂದರು. ಎರಡನೆಯ ಮಠದಲ್ಲಿ ಅದೆಲ್ಲ ಬೇಡ, ಬಾಯಿ ತೆರೆದು ನಾಮ ಹೇಳು ಎಂದರು. ಮೂರನೆಯವರು ಎರಡೂ ಬೇಡ, ದಾಸೋಹದ ಪಾತ್ರೆ ತೊಳೆದರೆ ಸಾಕು ಎಂದರು. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪಿತೇನೋ ಎನಿಸುತ್ತದೆ. ಹೀಗೇ ಆರು ವರ್ಷ ಕಳೆಯಿತು. ಇವುಗಳಲ್ಲಿ ಯಾವುದು ಸರಿ?”

“ಆರು ವರ್ಷವೇ!” ಎಂದು ಗುರುಗಳು ನಕ್ಕರು. “ಪರವಾಗಿಲ್ಲ, ಕುಳಿತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ.”

ಒಬ್ಬ ರೈತನಿದ್ದ. ಹೊಲದ ಅಂಚಿನಲ್ಲಿ ಅವನಿಗೊಂದು ಸಣ್ಣ ಹೊಂಗೆಯ ತೋಪಿತ್ತು. ಮರದ ಕೆಲಸ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೊಡ್ಡೆಯ ಮೇಲೆ ಮಳೆನೀರು ನಿಲ್ಲದ ಹಾಗೆ ಓರೆಯಾಗಿ ಕಡಿಯುತ್ತಿದ್ದ. ಬೊಡ್ಡೆ ಚಿಗುರಿದಾಗ ಗಟ್ಟಿಯಾದ ಎರಡು ಚಿಗುರನ್ನು ಉಳಿಸಿ ಮಿಕ್ಕವನ್ನು ಸವರುತ್ತಿದ್ದ. ಹಾಗಾಗಿ ಎಷ್ಟು ಕಡಿದರೂ ಅವನ ತೋಪು ಬರಿದಾಗಲಿಲ್ಲ. ಕೈಕೆಲಸದಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಪಾಪ, ಬಹಳ ಒಳ್ಳೆಯವನು. ಯಾರು ಏನು ಹೇಳಿದರೂ ಹೌದಲ್ಲ ಎನ್ನುತ್ತಿದ್ದ.

ಆ ವರ್ಷ ಅವನ ಮಗಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆಷಾಢಕ್ಕೆ ದಿನ ತುಂಬುತ್ತಿತ್ತು. ಬಾಣಂತಿಗೂ ಮಗುವಿಗೂ ಮೂರು ತಿಂಗಳು ದಿನವೂ ಹಂಡೆ ತುಂಬ ಬಿಸಿನೀರು ಬೇಕು. ಮಳೆಗಾಲದಲ್ಲಿ ಒಣ ಸೌದೆ ಹುಡುಕಿಕೊಂಡು ಹೋಗಲಾಗುವುದಿಲ್ಲ. ಆದ್ದರಿಂದ ರೈತನ ಹೆಂಡತಿ ಮಾಘದಲ್ಲೇ ಎಚ್ಚರಿಸಿದಳು. ರೈತನೂ ಸೋಮಾರಿಯಲ್ಲ. ಐದು ಮರ ಕಡಿದ, ಒಡೆದು ಸೀಳಿದ, ಎರಡು ಗಾಡಿ ಸೌದೆಯನ್ನು ಹಿತ್ತಿಲಿಗೆ ಸಾಗಿಸಿದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಒಟ್ಟುವ ಹೊತ್ತಿಗೆ ಕುಂಬಾರ ಬಂದ. ದಿನಾ ಬೆಂಕಿಯ ಜೊತೆ ಬಾಳುವವನು. ಸೀಳುಗಳನ್ನು ತೊಗಟೆ ಮೇಲೆ ಮಾಡಿ ಒಟ್ಟು, ಹನಿ ಬಿದ್ದರೂ ಜಾರಿ ಹೋಗುತ್ತದೆ ಎಂದ. ರೈತನಿಗೆ ಹೌದಲ್ಲ ಎನಿಸಿತು. ನೆಲದ ಪಸೆ ತಾಕದಂತೆ ಅಡಿಯಲ್ಲಿ ಎರಡು ಕಂಬ ಹಾಕಿ, ನಾಲ್ಕು ದಿನ ದುಡಿದು ಒಟ್ಟಿದ.

ಐದನೆಯ ದಿನ ಆಲೆಮನೆಯವನು ಬಂದ. ಬೆಲ್ಲ ಕಾಯಿಸಿ ಕಾಯಿಸಿ ಸೌದೆಯ ಗುಣ ತಿಳಿದವನು. ತೊಗಟೆ ಮೇಲಿದ್ದರೆ ಒಳಗಿನ ಪಸೆ ಆರುವುದಾದರೂ ಹೇಗೆ, ಸೀಳಿದ ಮೈ ಬಿಸಿಲಿಗೆ ಕಾಣಬೇಕು ಎಂದ. ಅದೂ ಹೌದಲ್ಲ! ರೈತ ಪೂರ್ತಿ ಕೆಡವಿ, ತೊಗಟೆ ಕೆಳಗೆ ಮಾಡಿ ಮತ್ತೆ ಒಟ್ಟಿದ.

ಆಮೇಲೆ ರೊಟ್ಟಿ ಮಾರುವ ಅಜ್ಜಿ ಬಂದಳು. ಐವತ್ತು ವರ್ಷ ಒಲೆಯ ಮುಂದೆ ಕೂತವಳು. ಮೇಲೂ ಬೇಡ ಕೆಳಗೂ ಬೇಡ, ಸೌದೆಯನ್ನು ಮಲಗಿಸಲೇ ಬಾರದು, ಒಂದಕ್ಕೊಂದು ಆನಿಸಿ ಸುತ್ತಲೂ ನಿಲ್ಲಿಸಿದರೆ ಗಾಳಿಯಾಡುತ್ತದೆ ಎಂದಳು. ರೈತ ಮತ್ತೆ ಕೆಡವಿದ.

ಈಗ ಅವನಿಗೆ ತಲೆ ಕೆಟ್ಟುಹೋಯಿತು. ಮೂವರೂ ತಿಳಿದವರು. ಮೂವರ ಮಾತಿಗೂ ಕಾರಣವಿತ್ತು. ಒಬ್ಬರ ಮಾತು ಕೇಳಿದರೆ ಇಬ್ಬರನ್ನು ಕಡೆಗಣಿಸಿದಂತೆ. ಹಾಗಾಗಿ ಒಂದಷ್ಟನ್ನು ತೊಗಟೆ ಮೇಲೆ ಮಾಡಿದ, ಒಂದಷ್ಟನ್ನು ಕೆಳಗೆ ಮಾಡಿದ, ನಡುವೆ ಒಂದಷ್ಟನ್ನು ನಿಲ್ಲಿಸಿದ. ಮರುದಿನ ಬೆಳಿಗ್ಗೆ ಮೇಕೆಯೊಂದು ಮೈ ಉಜ್ಜಿದ್ದಕ್ಕೆ ಅಷ್ಟೂ ಕುಸಿಯಿತು. ರೈತ ಹೋಗಿ ಕುಂಬಾರನನ್ನು ಮತ್ತೆ ಕೇಳಿದ. ಕುಂಬಾರ ಮೊದಲು ಹೇಳಿದ್ದನ್ನೇ ಹೇಳಿದ. ಬರುವ ದಾರಿಯಲ್ಲಿ ಆಲೆಮನೆಯವನು ಸಿಕ್ಕಿದ. ಅವನೂ ತಾನು ಹೇಳಿದ್ದನ್ನೇ ಹೇಳಿದ. ರೈತ ಮನೆಗೆ ಬಂದು ಜಗಲಿಯ ಮೇಲೆ ಕೂತುಬಿಟ್ಟ. ಸೌದೆ ನೆಲದ ಮೇಲೆ ಬಿದ್ದೇ ಇತ್ತು. ಬೇಸಿಗೆ ಕಳೆಯುತ್ತಾ ಬಂದಿತ್ತು.

“ಹೇಗಾದರೂ ಒಟ್ಟಿ ಮೇಲೊಂದಿಷ್ಟು ತೆಂಗಿನ ಗರಿ ಹೊದಿಸಿಬಿಡಿ ಅಂದ್ರೆ,” ಎಂದಳು ಹೆಂಡತಿ.

“ಹೇಗಾದರೂ ಅಂದರೆ ಹೇಗೆ?” ಎಂದ ರೈತ.

ಅವಳು ಹಣೆ ಚಚ್ಚಿಕೊಂಡಳು. ನಗಬೇಡ, ಅವನು ಕುಹಕದಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಆ ವರ್ಷ ಮಳೆ ಹದಿನೈದು ದಿನ ಮೊದಲೇ ಹಿಡಿಯಿತು. ಒಂದು ವಾರ ಬಿಡದೆ ಸುರಿಯಿತು. ಮೇಲಿನ ಸೌದೆ ನೆನೆಯಿತು. ನೆಲಕ್ಕೆ ತಾಕಿದ್ದಕ್ಕೆ ಗೆದ್ದಲು ಹತ್ತಿತು. ಆ ಮಳೆಯಲ್ಲೇ, ದಿನ ತುಂಬುವ ಮೊದಲೇ, ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಹಿಡಿಯಷ್ಟೇ ಇತ್ತು.

ಬಚ್ಚಲೊಲೆಗೆ ಸೌದೆ ತುರುಕಿ ರೈತನ ಹೆಂಡತಿ ಊದುಗೊಳವೆ ಹಿಡಿದಳು. ಹೊಗೆ ಬಂತೇ ಹೊರತು ಉರಿ ಬರಲಿಲ್ಲ. ಸೀಳಿನ ತುದಿಯಲ್ಲಿ ನೀರು ನೊರೆಯಾಗಿ ಜಿನುಗಿತು. ಸೂಲಗಿತ್ತಿ ಆಗಲೇ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಹಂಡೆಯ ನೀರು ಇನ್ನೂ ತಣ್ಣಗಿತ್ತು. ಮಗು ಹೊಗೆಗೆ ಕೆಮ್ಮಿತು. ಒಳಗಿನಿಂದ ಮಗಳು, “ಅಮ್ಮಾ, ಮಗು ಯಾಕೆ ಅಳ್ತಾ ಇಲ್ಲ?” ಎಂದು ಕೂಗಿದಳು. ರೈತ ಮಾತ್ರ ಒಂದು ಹಸಿ ಸೀಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಕುಂಬಾರನ ಮಾತನ್ನೇ ಕೇಳಬೇಕಿತ್ತೇನೋ,” ಎಂದ.

“ಮಗು ನಡುಗ್ತಾ ಇದೆ!” ಎಂದು ಕಿರುಚಿದಳು ಹೆಂಡತಿ. “ಹೋಗಿ, ಯಾರ ಮನೆಯಿಂದಲಾದರೂ ಒಂದು ಹೊರೆ ಒಣ ಸೌದೆ ತನ್ನಿ!”

ರೈತ ಗೋಣಿಚೀಲ ತಲೆಗೆ ಹಾಕಿಕೊಂಡು ಮಳೆಯಲ್ಲೇ ಓಡಿದ.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಅಲ್ಲ ಗುರುಗಳೇ, ಮುಖ್ಯವಾದದ್ದನ್ನೇ ಹೇಳಲಿಲ್ಲವಲ್ಲ. ತೊಗಟೆ ಮೇಲಿರಬೇಕೋ ಕೆಳಗಿರಬೇಕೋ, ಇಲ್ಲ ನಿಲ್ಲಿಸಬೇಕೋ? ಆ ಮೂವರಲ್ಲಿ ಯಾರ ಮಾತು ಸರಿ?”

ಗುರುಗಳು ಹೇಳಿದರು: “ರೈತ ಸೌದೆ ಕೇಳಲು ಹೋಗಿ ನೋಡಿದಾಗ ಮೂವರ ಮನೆಯಲ್ಲೂ ಒಲೆ ಉರಿಯುತ್ತಿತ್ತು.”