ಮುದ್ದೆ ತೆಗೆದ ಅಳತೆ

ಸಣ್ಣತಾಯಮ್ಮ ಮಂಡ್ಯದಲ್ಲಿ ಹಳೇ ರೀಲ್ ಕ್ಯಾಮೆರಾಗಳಿಗೆ ಕೈಯಲ್ಲೇ ಚರ್ಮದ ಕವರ್ ಹೊಲಿಯುವವಳು. ಒಂದು ದಿನ ನಿವೃತ್ತ ತಹಸೀಲ್ದಾರ್ ವರದರಾಜಯ್ಯ ತಾತನ ಕಾಲದ ಕ್ಯಾಮೆರಾವನ್ನು ಎದೆಗವಚಿಕೊಂಡೇ ಅಂಗಡಿಗೆ ಬಂದರು.

“ಇದನ್ನ ನೀನು ಮುಟ್ಟೋ ಹಾಗಿಲ್ಲ, ಲೆನ್ಸ್ ಬದಲಾಯಿಸಿಬಿಡ್ತೀಯ. ಟೇಪೂ ಹಿಡಿಯೋ ಹಾಗಿಲ್ಲ, ಅಳತೆ ಬರೆದಿಟ್ಕೊಂಡು ಊರಿಗೆಲ್ಲ ಇಂಥದ್ದೇ ಹೊಲೀತೀಯ. ಕವರ್ ಮಾತ್ರ ಬಿಗಿಯಾಗಿ ಕೂರಬೇಕು!”

ಸಣ್ಣತಾಯಮ್ಮನಿಗೆ ರೇಗಿತು, ತೋರಿಸಿಕೊಳ್ಳಲಿಲ್ಲ. ಬುತ್ತಿ ಬಿಚ್ಚಿ, ಇನ್ನೂ ಬೆಚ್ಚಗಿದ್ದ ರಾಗಿಮುದ್ದೆಯನ್ನು ತಟ್ಟೆಯಲ್ಲಿ ತಟ್ಟಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಳು.

“ನೀವೇ ಒತ್ತಿ ಸ್ವಾಮಿ.”

ಅವರು ಹಾಳೆಯನ್ನು ಎರಡು ಸಲ ಎತ್ತಿ ನೋಡಿ, ಮೂಸಿ, ಆಮೇಲೆ ಕ್ಯಾಮೆರಾವನ್ನು ಮುದ್ದೆಗೆ ಒತ್ತಿದರು. ಅವಳು ಆ ಗುಳಿಗೆ ದಾರ ಹಿಡಿದು, ಗಂಟು ಹಾಕಿ ಅಳತೆ ತೆಗೆದಳು.

ಮೂರನೇ ದಿನ ಕವರ್ ಕಡಲೆಗೆ ಸಿಪ್ಪೆ ಕೂತ ಹಾಗೆ ಕೂತಿತು. ಅವರ ಮುಖ ಮಾತ್ರ ಅರಳಲಿಲ್ಲ.

“ಎಲ್ಲಿ ಆ ಮುದ್ದೆ? ಅದರಲ್ಲಿ ನನ್ನ ಕ್ಯಾಮೆರಾದ ಅಚ್ಚಿದೆ. ತೆಗಿ ಈಚೆಗೆ!”

“ಅವತ್ತೇ ಉಂಡ್ಬುಟ್ಟೆ ಸ್ವಾಮಿ.”

“ಏನು ಸಾಕ್ಷಿ?”

“ಲೆನ್ಸ್ ಒತ್ತಿದ್ರಲ್ಲ, ಆ ಗುಳೀಲಿ ಬಸ್ಸಾರು ಒಂದು ತೊಟ್ಟೂ ಚೆಲ್ದಂಗೆ ನಿಂತಿತ್ತು.”

ವರದರಾಜಯ್ಯ ಅವಳ ಹೊಟ್ಟೆಯನ್ನೇ ಅನುಮಾನದಿಂದ ನೋಡುತ್ತ ಹೊರಟರು. ಗಂಟು ಹಾಕಿದ ದಾರ ಅವಳ ತಲೆಯ ಮೇಲಿನ ಮೊಳೆಯಲ್ಲೇ ತೂಗುತ್ತಿತ್ತು.