ಹಗ್ಗ ಹಿಡಿದವಳು

“ಗುರುಗಳೇ, ಮನೆ, ಅಂಗಡಿ, ಹಾಸಿಗೆ ಹಿಡಿದಿರುವ ಅಣ್ಣ, ಎಲ್ಲವನ್ನೂ ಹೆಂಡತಿಯ ಕೈಗೆ ಒಪ್ಪಿಸಿ ಬಂದಿದ್ದೇನೆ. ಅವಳಷ್ಟು ನಂಬಿಗಸ್ತರು ನನಗೆ ಇನ್ನೊಬ್ಬರಿಲ್ಲ. ಆದರೂ ಇಲ್ಲಿ ಕಣ್ಣು ಮುಚ್ಚಿ ಕುಳಿತರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನಾನು ಮಾಡದೆ ಬಿಟ್ಟದ್ದು ಏನು?”

ಗುರುಗಳು ಶಿಷ್ಯನಿಗೆ ಎದುರಿನ ಚಾಪೆ ತೋರಿಸಿದರು. “ಬಿಟ್ಟದ್ದು ಹಾಗಿರಲಿ. ಮಾಡಿದ್ದೇನು ಎಂದು ಮೊದಲು ನೋಡೋಣ. ಕುಳಿತುಕೋ” ಎಂದು ಈ ಕತೆ ಹೇಳಿದರು.

ಒಂದು ಹೊಳೆ ಕಡಲನ್ನು ಸೇರುವ ಜಾಗ. ಹೊಳೆಯ ನಡುವೆ ಒಂದು ಕುದ್ರು. ಕುದ್ರು ಎಂದರೆ ಸುತ್ತಲೂ ನೀರಿರುವ ತುಂಡು ನೆಲ. ಅಲ್ಲಿ ಕೆಲವು ಮನೆಗಳಿದ್ದವು. ಉಪ್ಪಿಗೆ, ಮದ್ದಿಗೆ, ಮದುವೆಗೆ, ಯಾವುದಕ್ಕೆ ಹೋಗಬೇಕೆಂದರೂ ದೋಣಿಯೇ ಗತಿ. ಉಳಿದವರೆಲ್ಲ ಹುಟ್ಟು ಹಾಕಿ ಹೋಗುವವರು. ಒಬ್ಬ ದೋಣಿಕಾರನ ಬಳಿ ಮಾತ್ರ ಮೋಟಾರು ದೋಣಿಯಿತ್ತು. ಸಣ್ಣದು. ಆದರೂ ಆ ಮನೆಯ ಅನ್ನ ಅದರಿಂದಲೇ ಬರುತ್ತಿತ್ತು. ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ, ಇಬ್ಬರೇ.

ಅವನಿಗೆ ಆ ದೋಣಿಯ ಮೇಲೆ ಎಂಥ ಅಕ್ಕರೆ ಎಂದರೆ, ಹೆಂಡತಿಗೆ ಜ್ವರ ಬಂದರೆ ಕಷಾಯ ಕುಡಿದು ಮಲಗು ಎನ್ನುತ್ತಿದ್ದ. ಇಂಜಿನ್ನಿಗೆ ಕೆಮ್ಮು ಬಂದರೆ ತಾನೇ ಊಟ ಬಿಡುತ್ತಿದ್ದ. ಊರಿನವರು ಅವನನ್ನು ಎದುರಿಗೇ ಗೇಲಿ ಮಾಡುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಕುಡಿದವನಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಒಮ್ಮೆ ಅವನು ಕೆಲವು ದಿನಗಳ ಮಟ್ಟಿಗೆ ಘಟ್ಟದ ಮೇಲಕ್ಕೆ ಹೋಗಬೇಕೆಂದು ಹೊರಟ. ಮಳೆಗಾಲ ಮುಗಿಯುತ್ತ ಬಂದಿತ್ತು. ದೋಣಿಯನ್ನು ಕ್ಷೇಮವಾಗಿ ಬಿಟ್ಟು ಹೋಗಬೇಕಲ್ಲ? ಅದಕ್ಕೆ ಎಲ್ಲವನ್ನೂ ಮಾಡಿದ. ಗಾಳಿ ಬಡಿಯದ ಕಡೆಗೆ ದೋಣಿಯನ್ನು ತಂದು ಕಟ್ಟಿದ. ಇಂಜಿನ್ನನ್ನು ನೀರಿನಿಂದ ಮೇಲಕ್ಕೆತ್ತಿ ನಿಲ್ಲಿಸಿದ. ಪೆಟ್ರೋಲು ತೆಗೆದು ಮನೆಯೊಳಗಿಟ್ಟ. ಮಳೆನೀರು ಬೀಳದ ಹಾಗೆ ಟಾರ್ಪಾಲು ಹೊದಿಸಿದ. ದೋಣಿ ಕಟ್ಟುವ ಹೊಳೆ ಬದಿಯ ಕಟ್ಟೆಯ ಕಲ್ಲಿಗೂ ದೋಣಿಗೂ ನಡುವೆ ಹಳೆಯ ಟೈರು ಇಳಿಬಿಟ್ಟ. ಮಗುವನ್ನು ಮಲಗಿಸುವವರೂ ಇಷ್ಟು ಜೋಪಾನ ಮಾಡುವುದಿಲ್ಲ.

ಉಳಿದದ್ದು ಹಗ್ಗ. ಆ ಹೊಳೆ ನಮ್ಮ ಕೆರೆಯ ಹಾಗೆ ನಿಂತಲ್ಲಿ ನಿಲ್ಲುವ ನೀರಲ್ಲ. ಕಡಲು ಏರಿದಾಗ ಏರುತ್ತದೆ, ಇಳಿದಾಗ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಬಿಗಿಯಾಗಿ ಕಟ್ಟಿದರೆ, ಏರುವ ನೀರಿನಲ್ಲಿ ದೋಣಿ ಮೇಲೆ ಬರಲಾರದೆ ಮೂತಿ ಮುಳುಗಿ ಹೋಗುತ್ತದೆ. ತೀರಾ ಸಡಿಲ ಬಿಟ್ಟರೆ ಸುತ್ತಾಡಿ ಕಲ್ಲಿಗೆ ಬಡಿದು ಒಡೆಯುತ್ತದೆ. ಅದಕ್ಕೇ ಆ ಕುದ್ರುವಿನಲ್ಲಿ ಒಂದು ಪದ್ಧತಿ ಇತ್ತು. ಊರು ಬಿಡುವವನು ದೋಣಿಯ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕು. ಹಗ್ಗ ಹಿಡಿದವರು ಅದನ್ನು ಕಟ್ಟೆಯ ಕಂಬಕ್ಕೆ ಕಟ್ಟಿ, ನೀರು ನೋಡಿ ಸಡಿಲಿಸಬೇಕು, ನೀರು ನೋಡಿ ಎಳೆಯಬೇಕು. ಕೊಟ್ಟವನು ಮರಳಿ ಬಂದಾಗ ಅವನ ಕೈಗೇ ಹಿಂದಿರುಗಿಸಬೇಕು. ನಡುವೆ ಮೂರನೆಯವರಿಗೆ ದಾಟಿಸುವಂತಿಲ್ಲ.

ಹಗ್ಗವನ್ನು ಹೊರಗಿನವರಿಗೇ ಕೊಡಬೇಕು, ಮನೆಯವರಿಗೆ ಕೊಡಬಾರದು ಎಂಬುದೂ ಆ ಪದ್ಧತಿಯಲ್ಲಿ ಸೇರಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಹೊರಗಿನವನು ಮರ್ಯಾದೆಗೆ ದೋಣಿ ನೋಡಿಕೊಳ್ಳುತ್ತಾನೆ. ಆದರೆ ಜೀವಕ್ಕೆ ಬಂದರೆ ಹಗ್ಗ ಬಿಸಾಡಿ ಓಡುತ್ತಾನೆ. ಅವನು ಓಡಲಿ ಎಂದೇ ಹಿರಿಯರು ಅವನಿಗೆ ಕೊಡುತ್ತಿದ್ದರು.

ನಮ್ಮ ದೋಣಿಕಾರ ಬುದ್ಧಿವಂತ. ಅವನು ಯೋಚಿಸಿದ. ಓಡುವವನ ಕೈಗೆ ಹಗ್ಗ ಯಾಕೆ ಕೊಡಬೇಕು? ಏನೇ ಆದರೂ ಬಿಡದವರ ಕೈಗೆ ಕೊಡಬೇಕು. ಹಾಗೆ ಬಿಡದವರು ಯಾರು ಎಂದು ನೋಡಿದರೆ ಅವನಿಗೆ ಕಂಡವಳು ಒಬ್ಬಳೇ.

ಹೊರಡುವ ಹೊತ್ತಿಗೆ ಹೆಂಡತಿಯನ್ನು ಕಟ್ಟೆಗೆ ಕರೆದ. ಹಗ್ಗದ ತುದಿಯನ್ನು ಅವಳ ಕೈಯಲ್ಲಿಟ್ಟ.

“ನಾನ್ ಬಪ್ಪಲ್ಲೊರಿಗೆ ಇದ್ ನಿನ್ ಕೈಯಗಿರ್ಲಿ. ಎಂತ ಆರೂ ಬಿಡುಕಾಗ.”

“ಬಿಡುದಿಲ್ಲೆ” ಎಂದಳು ಅವಳು, ಅವನು ಬರುವವರೆಗೆ ಏನೇ ಆದರೂ ಬಿಡೆನೆಂದು ಮಾತು ಕೊಟ್ಟ ಹಾಗೆ. ಸೆರಗಿಗೆ ಕೈ ಒರೆಸಿಕೊಂಡು, ಹಗ್ಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅವಳಿಗೆ ಹೆಮ್ಮೆಯಾಗಿತ್ತು. ಆ ದೋಣಿಯನ್ನು ಮುಟ್ಟಲು ಅವನು ಅವಳನ್ನು ಎಂದೂ ಬಿಟ್ಟಿರಲಿಲ್ಲ. ನಡೆಸಲು ಕಲಿಸಿಯೂ ಇರಲಿಲ್ಲ. ಕೈ ತಾಗಿದರೆ ಎಲ್ಲಿ ಕೆಡುತ್ತದೋ ಎಂಬ ಹೆದರಿಕೆ ಅವನಿಗೆ. ಅಂಥವನು ಇಡೀ ದೋಣಿಯನ್ನೇ ತನ್ನ ಕೈಯಲ್ಲಿಟ್ಟು ಹೋದನಲ್ಲ ಎಂದು ಅವಳು ಅಕ್ಕಪಕ್ಕದವರ ಮುಂದೆಲ್ಲ ಹೇಳಿಕೊಂಡಳು. ಹೊತ್ತು ಹೊತ್ತಿಗೆ ಕಟ್ಟೆಗೆ ಹೋಗಿ ನೀರು ನೋಡುತ್ತಿದ್ದಳು. ಅವನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿಯೇ ಮಾಡುತ್ತಿದ್ದಳು.

ಆಮೇಲೆ ಮಳೆ ಬಂತು. ಕುದ್ರುವಿನಲ್ಲಿ ಬಂದದ್ದು ಸ್ವಲ್ಪ, ಘಟ್ಟದಲ್ಲಿ ಸುರಿದದ್ದು ಬಹಳ. ಘಟ್ಟದ ದಾರಿ ಕುಸಿಯಿತು. ಹೊಳೆ ಕೆಂಪಾಗಿ ಇಳಿದು ಬಂತು. ಅದೇ ಹೊತ್ತಿಗೆ ಕಡಲು ಏರುತ್ತಿತ್ತು. ಕೆಳಗಿನ ನೀರು ದಾರಿ ಕೊಡಲಿಲ್ಲ, ಮೇಲಿನ ನೀರು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುದ್ರುವಿನ ಅಂಗಳಗಳಿಗೆ ಹೊಳೆ ಬಂತು. ಜನ ಮಕ್ಕಳನ್ನೂ ಪಾತ್ರೆಗಳನ್ನೂ ದೋಣಿಗೆ ಹಾಕಿಕೊಂಡು ಆಚೆ ದಡಕ್ಕೆ ಹೊರಟರು.

ಕೊನೆಗೆ ಹೊರಟವನು ಪಕ್ಕದ ಮನೆಯವನು. ಅವನು ದೋಣಿಯನ್ನು ಕಟ್ಟೆಯ ಹತ್ತಿರ ತಂದ. ಅವಳು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ಕಟ್ಟೆಯ ಕಂಬದಿಂದ ಹಗ್ಗ ಬಿಚ್ಚುತ್ತಿದ್ದಳು. ಅಂಗಳದ ತೆಂಗಿನ ಮರಕ್ಕೆ ಕಟ್ಟಬೇಕೆಂದಿದ್ದಳು.

“ಬಾ ಮಾರಾಯ್ತಿ! ದೋಣಿ ಹ್ವಾದ್ರೆ ಇನ್ನೊಂದ್ ಮಾಡುಕಾತ್ತ್.”

“ಅವ್ರ್ ಕೊಟ್ ಹೋದ್ ಹಗ್ಗ. ಅವ್ರ್ ಕೈಗೇ ಕೊಡ್ಕ್. ನೀವ್ ಮಕ್ಕಳನ್ನ್ ದಾಟ್ಸಿ.”

ಅವನು ಬೈದ, ಬೇಡಿಕೊಂಡ. ದೋಣಿ ತುಂಬಿತ್ತು. ಮಕ್ಕಳು ಅಳುತ್ತಿದ್ದರು. ಇವರನ್ನು ಬಿಟ್ಟು ಮತ್ತೆ ಬರುತ್ತೇನೆ ಎಂದು ಹೋದ. ಬರಲು ಹೊರಟದ್ದೂ ನಿಜ. ಆದರೆ ಹುಟ್ಟಿಗೆ ನೀರು ಬಗ್ಗಲಿಲ್ಲ. ದಡದಲ್ಲೇ ನಿಂತು ಕೂಗಿದ. ಆ ಸದ್ದಿನಲ್ಲಿ ಯಾರ ಕೂಗು ಯಾರಿಗೆ ಕೇಳೀತು?

ಮುಂದಿನದನ್ನು ಯಾರೂ ನೋಡಲಿಲ್ಲ. ಮಾರನೆಯ ದಿನ ನೀರು ಇಳಿದಾಗ ಜನ ಮರಳಿ ಬಂದರು. ಮಣ್ಣಿನ ಗೋಡೆಗಳು ಕುಸಿದಿದ್ದವು. ಊರಿನ ದೋಣಿಗಳಲ್ಲಿ ಕಟ್ಟಿ ಹೋದದ್ದೊಂದೂ ಉಳಿದಿರಲಿಲ್ಲ. ಮೋಟಾರು ದೋಣಿ ಮಾತ್ರ ಉಳಿದಿತ್ತು. ಅಂಗಳದ ನಡುವೆ ಕೆಸರಿನ ಮೇಲೆ ನೆಟ್ಟಗೆ ಕುಳಿತಿತ್ತು. ಹೊದಿಸಿದ ಟಾರ್ಪಾಲು ಹೊದಿಸಿದ ಹಾಗೇ ಇತ್ತು. ಹಗ್ಗ ತೆಂಗಿನ ಮರಕ್ಕೆ, ನಿಂತವರ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿತ್ತು. ನೀರು ಏರಿದಂತೆಲ್ಲ ಅವಳು ಗಂಟು ಬಿಚ್ಚಿ, ಇನ್ನೂ ಮೇಲೆ ಹೋಗಿ ಮತ್ತೆ ಕಟ್ಟಿರಬೇಕು. ಕೊನೆಯ ಗಂಟನ್ನು ಎಷ್ಟು ಸಡಿಲ ಬಿಡಬೇಕೋ ಅಷ್ಟೇ ಬಿಟ್ಟು ಕಟ್ಟಿದ್ದಳು. ಆ ಗಂಟಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅದೊಂದನ್ನು ನಾನು ಇವತ್ತಿಗೂ ಮರೆಯಲಾರೆ.

ಅವಳು ಸಿಕ್ಕಿದ್ದು ಹೊಳೆ ಇಳಿದು ಹೋಗುವ ಕಡೆ, ದಡದ ಪೊದೆಗಳ ನಡುವೆ. ಅಂಗೈಯ ಚರ್ಮ ಕಿತ್ತು ಹೋಗಿತ್ತು.

ಅವನಿಗೆ ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ. ಅವನಿದ್ದ ಕಡೆಯೂ ಮಳೆ ಸುರಿದಿತ್ತು. ಕಿಟಕಿಯ ಹತ್ತಿರ ನಿಂತು ಮಳೆಯನ್ನು ನೋಡಿದ್ದ. ಹಗ್ಗ ಒಳ್ಳೆಯ ಕೈಯಲ್ಲಿದೆ, ಭಯವಿಲ್ಲ ಎಂದು ಪಕ್ಕದಲ್ಲಿದ್ದವರಿಗೆ ಹೇಳಿ ಮಲಗಿ ನಿದ್ದೆ ಮಾಡಿದ್ದ.

ದಾರಿ ಸರಿಯಾದ ಮೇಲೆ ಇಳಿದು ಬಂದ. ಆಚೆ ದಡದಲ್ಲಿ ಪಕ್ಕದ ಮನೆಯವನು ಅವನಿಗಾಗಿಯೇ ಕಾದಿದ್ದ. ಮುರಿದ ಮರಗಳನ್ನೂ ಕೆಸರನ್ನೂ ಕಂಡ ದೋಣಿಕಾರ ಹೆಜ್ಜೆ ಚುರುಕು ಮಾಡಿದ. ದೂರದಿಂದಲೇ ಕೂಗಿ ಕೇಳಿದ.

“ದೋಣಿ ಹ್ಯಾಂಗಿತ್ತ್?”

ಪಕ್ಕದ ಮನೆಯವನು ಹೇಗೆ ಹೇಳಲಿ ಎಂದು ಬೆಳಗಿನಿಂದ ಮಾತು ಕೂಡಿಸುತ್ತ ಕುಳಿತಿದ್ದವನು. ಈ ಪ್ರಶ್ನೆಗೆ ಅವನ ಹತ್ತಿರ ಉತ್ತರವಿತ್ತು.

“ದೋಣಿಗ್ ಎಂತದೂ ಆಯ್ಲಿಲ್ಲೆ” ಎಂದ.

ದೋಣಿಕಾರನಿಗೆ ಸಮಾಧಾನವಾಯಿತು. ಮುಖ ಅರಳಿತು. ಹೊಳೆ ದಾಟುವಾಗ ದಾರಿಯ ಸುದ್ದಿ, ಮಳೆಯ ಸುದ್ದಿ ಎಲ್ಲ ಹೇಳಿದ. ಇನ್ನೇನನ್ನೂ ಕೇಳಲಿಲ್ಲ. ಹುಟ್ಟು ಹಾಕುತ್ತಿದ್ದವನು ಅವನ ಮುಖ ನೋಡಲಾರದೆ ನೀರು ನೋಡುತ್ತ ಕುಳಿತ. ಕಟ್ಟೆ ತಲುಪುವವರೆಗೆ ಆ ಮನುಷ್ಯ ಸುಖವಾಗಿದ್ದ. ಅದೇ ಅವನ ಕೊನೆಯ ಸುಖ.

ಅಂಗಳದಲ್ಲಿ ದೋಣಿ ಇತ್ತು. ಅದನ್ನು ಹೊಳೆಗೆ ಇಳಿಸೋಣ ಎಂದು ಕೆಲವು ದಿನಗಳ ಮೇಲೆ ಜನ ಬಂದರು. ಅವನು ಹಗ್ಗ ಬಿಚ್ಚಲು ಬಿಡಲಿಲ್ಲ. ಹಿಡಿದವರು ತಂದು ಕೈಗೆ ಕೊಡಬೇಕಲ್ಲವೇ, ಪದ್ಧತಿ ಹಾಗಿದೆಯಲ್ಲ ಎಂದ. ಜನ ಹಿಂದಿರುಗಿದರು. ದೋಣಿ ಅಲ್ಲೇ ಉಳಿಯಿತು. ಮೊದಲ ವರ್ಷ ಟಾರ್ಪಾಲು ಹರಿಯಿತು, ಆಮೇಲೆ ಇಂಜಿನ್ನಿಗೆ ತುಕ್ಕು ಹಿಡಿಯಿತು. ಅವನು ದಿನವೂ ಆ ಮರದ ಬುಡದಲ್ಲಿ ಕುಳಿತಿರುತ್ತಿದ್ದ. ಯಾರಾದರೂ ಅನ್ನ ಕೊಟ್ಟರೆ ಉಣ್ಣುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸ್ವಲ್ಪ ಕೋಪವೇ ಬಂತು.

“ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ, ನೀರು ಏರಿದರೆ ಬಿಟ್ಟುಬಿಡು ಎಂದು. ಅಷ್ಟೂ ತೋಚದವನು ಎಂಥ ಗಂಡ? ಅಂಥ ಹೆಂಡತಿಯನ್ನು ಬಿಟ್ಟು ಅವನು ಹೋದದ್ದಾದರೂ ಎಲ್ಲಿಗೆ?”

“ಇಲ್ಲಿಗೆ” ಎಂದರು ಗುರುಗಳು. “ನೀನು ಈಗ ಕುಳಿತಿರುವ ಜಾಗದಲ್ಲೇ ಕಣ್ಣು ಮುಚ್ಚಿ ಕುಳಿತಿದ್ದ.”