ಬಾಗಿಲ ಪಕ್ಕದ ಸ್ವಿಚ್ಚು

"ಅಜ್ಜಾರೇ, ಎದುರಿಗೆ ಕೂರದೆ ಕಲಿತ ವಿದ್ಯೆಯೂ ವಿದ್ಯೆಯೇ?" ಎಂದು ಮುರಿಗೆಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ಮುರಿಗೆಪ್ಪ ಮಠದ ನೇಕಾರಿಕೆ ಶಾಲೆಯಲ್ಲಿ ಮಗ್ಗದ ಕೆಲಸ ಕಲಿಸುವವನು. ಈಚೆಗೆ ಅವನ ಪಾಠಗಳನ್ನೆಲ್ಲ ಚಿತ್ರ ತೆಗೆದು ಫೋನಿನಲ್ಲಿ ನೋಡುವ ಹಾಗೆ ಮಾಡಿದ್ದರು. ಕಲಿಯುವವರು ತಮ್ಮ ತಮ್ಮ ಊರಿನಲ್ಲಿ, ತಮ್ಮದೇ ಮಗ್ಗದ ಮುಂದೆ ಕೂತು ಕಲಿಯುತ್ತಿದ್ದರು. ಶಾಲೆಯ ಮಗ್ಗಗಳು ಸುಮ್ಮನಾಗಿದ್ದವು. ಮುರಿಗೆಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

"ಕೈ ಕಲಿಯುತ್ತೆ, ಒಪ್ಪಿದೆ. ಕಲಿಸುವವನ ಮನಸ್ಸಿನಲ್ಲಿರೋದು ಆ ಫೋನಿನ ಗಾಜು ದಾಟಿ ಹೋಗುತ್ತಾ? ಒಬ್ಬರೂ ಈ ಕಡೆ ಮುಖ ಹಾಕಲ್ಲ. ನಾನಿಲ್ಲಿ ದಾರಿ ಕಾಯ್ತಾ ಕೂತಿರ್ತೀನಿ."

ಅಜ್ಜ ನಕ್ಕರು. "ಬೆಳಗಿನಿಂದ ಮುಖ ಊದಿಸಿಕೊಂಡು ಓಡಾಡಿದ್ದು ಇದಕ್ಕೇನು? ಕೂತ್ಕೋ. ಒಂದು ಕತೆ ಹೇಳ್ತೀನಿ" ಎಂದು ಶುರು ಮಾಡಿದರು.

ಒಂದೂರಿನಲ್ಲಿ ಮೋಟಾರು ರಿಪೇರಿ ಮಾಡುವ ಒಬ್ಬ ಮೇಸ್ತ್ರಿ ಇದ್ದ. ಸುಟ್ಟುಹೋದ ಪಂಪಿನ ಮೋಟಾರು ತಂದುಕೊಟ್ಟರೆ ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವ ಹಾಗೆ ಮಾಡಿಕೊಡುತ್ತಿದ್ದ. ಅಂಗಡಿಯಲ್ಲಿ ಅವನ ಜೊತೆ ಅವನ ತಮ್ಮನೂ ಇದ್ದ. ತಂತಿ ಸುತ್ತುವುದು ಅಣ್ಣನ ಕೆಲಸ. ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ನಿಲ್ಲುವುದು ತಮ್ಮನ ಕೆಲಸ. ಎಲ್ಲ ಮುಗಿದ ಮೇಲೆ ಅಣ್ಣ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದ. ತಮ್ಮ "ಹಾಕಲಾ ಅಣ್ಣ?" ಎನ್ನುತ್ತಿದ್ದ. ಅಣ್ಣ ತಲೆಯಾಡಿಸಿದ ಮೇಲೆ ಸ್ವಿಚ್ಚು ಒತ್ತುತ್ತಿದ್ದ. ಮೋಟಾರು ತಿರುಗಿತೆಂದರೆ, ಹಿಂದೆಂದೂ ನೋಡದವರ ಹಾಗೆ ಇಬ್ಬರೂ ನಗುತ್ತಿದ್ದರು.

ಒಂದು ದಿನ ತಮ್ಮ ಕೇಳದೆ ಸ್ವಿಚ್ಚು ಹಾಕಿಬಿಟ್ಟ. ಅಷ್ಟೂ ತಂತಿ ಸುಟ್ಟು ಕರಕಲಾಯಿತು. ಅಂಗಡಿಯ ಮುಂದೆ ಜನ ಕಾದು ನಿಂತಿದ್ದರು. ಅಣ್ಣನ ಸಿಟ್ಟು ನೆತ್ತಿಗೇರಿತು. "ಸ್ವಿಚ್ಚು ಹಾಕೋಕೆ ಒಂದು ಕೋಲಿದ್ದರೆ ಸಾಕಲ್ಲೋ, ನೀನೇ ಯಾಕೆ ಬೇಕು ನನಗೆ?" ಎಂದು ಎಲ್ಲರ ಎದುರಿಗೆ ಅಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಗಲ ಮೇಲಿನ ವಸ್ತ್ರ ತೆಗೆದು ಮೊಳೆಗೆ ಹಾಕಿ, ತಮ್ಮ ಹೊರಟುಹೋದ.

ಹೋದವನು ಪಕ್ಕದ ತಾಲೂಕಿನಲ್ಲೇ ಸ್ವಂತ ಅಂಗಡಿ ಇಟ್ಟ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು, ಅಷ್ಟೇ ದೂರ. ಅಣ್ಣನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ. "ದೊಡ್ಡವನು ನಾನು. ಬರೋದಾದರೆ ಅವನೇ ಬರಲಿ" ಅಂತ ಕೂತ. ಒಳಗೆ ಮಾತ್ರ ಜೀವ ತಮ್ಮ ತಮ್ಮ ಅಂತಲೇ ಬಡಿದುಕೊಳ್ಳುತ್ತಿತ್ತು. ತಂತಿ ಸುತ್ತಿ ಮುಗಿಸಿದ ಮೇಲೆ ಅವನ ತಲೆ ತಾನಾಗಿ ಬಾಗಿಲ ಕಡೆ ಏಳುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ಗಳಿಗೆ ನೋಡಿ, ತಾನೇ ಎದ್ದು ಹೋಗಿ ಸ್ವಿಚ್ಚು ಹಾಕುತ್ತಿದ್ದ. ಕೋಲೊಂದು ಮೂಲೆಯಲ್ಲೇ ಇತ್ತು. ಅದನ್ನು ಮುಟ್ಟಲು ಅವನಿಗೆ ಮನಸ್ಸು ಬರಲಿಲ್ಲ.

ಹೀಗಿರುವಾಗ ಕಸುಬು ಕಲಿಸುವ ಸಂಸ್ಥೆಯವರು ಬಂದರು. "ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲೇ ಫೋನು ನೋಡಿ ಈ ಕೆಲಸ ಕಲಿಯಬೇಕು, ನೀವು ಮಾಡಿ ತೋರಿಸಿ" ಎಂದರು. ಮೇಸ್ತ್ರಿ ಒಪ್ಪಿದ. ಎಲ್ಲರ ಫೋನಿಗೂ ಹೋಗುವುದು ತಮ್ಮನ ಫೋನಿಗೂ ಹೋದೀತು ಎಂಬ ಆಸೆ ಅವನದು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಚಿತ್ರ ತೆಗೆಯುವವರು, "ಮೇಸ್ತ್ರಿ, ಬಾಗಿಲ ಕಡೆ ನೋಡಬೇಡಿ, ಈ ಕಡೆ ನೋಡಿ" ಎಂದು ಹೇಳಿ ಹೇಳಿ ಸೋತರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ರೂಢಿಬಿದ್ದ ಗುಣವೂ ಹಾಗೇ. ಕೊನೆಗೆ ಅವರು, ಇರಲಿ ಬಿಡಿ ಎಂದು ಅದನ್ನೂ ಸೇರಿಸಿ ಕಳಿಸಿದರು.

ಪಾಠ ಊರೂರಿಗೆ ಹೋಯಿತು. ತಮ್ಮ ಮಾತ್ರ ಬರಲಿಲ್ಲ.

ಕೆಲವು ವರ್ಷ ಕಳೆದವು. ಪಾಠ ನೋಡಿ ಕಲಿತವರು ಹೆಚ್ಚಾಗಿದ್ದ ಒಂದು ಊರಿನಲ್ಲಿ ಮೇಸ್ತ್ರಿಗೆ ಸನ್ಮಾನ ಇಟ್ಟುಕೊಂಡರು. ಅವನು ಹೊತ್ತಿಗೆ ಮುಂಚೆಯೇ ಹೋಗಿ ಇಳಿದ. ಓಣಿಯಲ್ಲಿ ನಡೆಯುವಾಗ ಒಂದು ಸಣ್ಣ ಅಂಗಡಿಯೊಳಗೆ ಒಬ್ಬ ಹೆಂಗಸು ಮೋಟಾರಿಗೆ ತಂತಿ ಸುತ್ತುವುದು ಕಂಡಿತು. ಮೇಸ್ತ್ರಿ ಬಾಗಿಲಲ್ಲೇ ನಿಂತ. ಬಿಸಿಲಿಗೆ ಬೆನ್ನು ಮಾಡಿದ್ದರಿಂದ ಅವಳಿಗೆ ಅವನ ಮುಖ ಕಾಣಲಿಲ್ಲ. ಅವಳು ಕೆಲಸ ಮುಗಿಸಿದಳು. ತಲೆಯೆತ್ತಿದಳು. ಬಾಗಿಲ ಕಡೆ ಒಂದು ಗಳಿಗೆ ನೋಡಿದಳು.

"ಯಾಕಮ್ಮ ಹಾಗೆ ನೋಡಿದೆ?" ಎಂದು ಮೇಸ್ತ್ರಿ ಕೇಳಿದ.

"ನಿಮ್ಮನ್ನಲ್ಲ ಅಣ್ಣ. ಕರೆಂಟು ಕೊಡೋ ಮುಂಚೆ ನಮ್ಮ ಮೇಸ್ತ್ರಿ ಬಾಗಿಲ ಕಡೆ ಹೀಗೇ ನೋಡ್ತಾರೆ. ಯಾಕೆ ಅಂತ ಬಾಯಿಬಿಟ್ಟು ಹೇಳಿಲ್ಲ. ಆದರೆ ಆ ಮುಖ ನೋಡಿದರೆ ತಿಳಿಯುತ್ತಲ್ಲ, ಪಾಪ, ಯಾರೋ ಬರಬೇಕಾದವರು ಬಂದಿಲ್ಲ. ಅದಕ್ಕೇ ನಾವೆಲ್ಲ ಅವರ ಪರವಾಗಿ ಒಂದು ಸಲ ನೋಡಿ, ಆಮೇಲೆ ಸ್ವಿಚ್ಚು ಹಾಕ್ತೀವಿ" ಎಂದಳು.

ಅವಳ ಸ್ವಿಚ್ಚೂ ಬಾಗಿಲ ಪಕ್ಕದಲ್ಲೇ ಇತ್ತು, ಮೇಸ್ತ್ರಿಯ ಕೈಗೆ ಎಟುಕುವಷ್ಟು ಹತ್ತಿರ. ತಮ್ಮ ನಿಲ್ಲುತ್ತಿದ್ದಂಥ ಜಾಗದಲ್ಲಿ ನಿಂತು, ಕೆಲಸ ಮುಗಿಸಿದವರ ಮುಖವನ್ನು ಅವನು ನೋಡಿದ್ದು ಅದೇ ಮೊದಲು. ದಿನವೂ ತಮ್ಮನಿಗೆ ಇಲ್ಲಿಂದ ಕಾಣುತ್ತಿದ್ದದ್ದು ಇದೇ ಅಲ್ಲವೇ, ತನ್ನ ಕಡೆ ಏಳುವ ಒಂದು ಮುಖ! ಆ ಮುಖವೇ ತಮ್ಮನನ್ನು ಕೋಲು ಅಂದಿತ್ತು. ಮೇಸ್ತ್ರಿಗೆ ಅಳು ಬಂತು. ಅಳುತ್ತಲೇ ಅವಳ ಮೋಟಾರಿಗೆ ಸ್ವಿಚ್ಚು ಹಾಕಿದ. ಅದು ತಿರುಗಿತು.

ಅಲ್ಲಿಂದ ಅವನು ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದ. ಶಾಲು ಹಾರ ಹಿಡಿದುಕೊಂಡವರು ದಾರಿ ನೋಡಿ ನೋಡಿ ಬೈದುಕೊಂಡರು. ಅವನು ತಮ್ಮನ ಊರಿನ ಬಸ್ಸು ಹತ್ತಿದ್ದ.

ತಮ್ಮನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಮ್ಮ ತಲೆ ಬಗ್ಗಿಸಿ ತಂತಿ ಸುತ್ತುತ್ತಿದ್ದ. ಕೂದಲು ಹಣ್ಣಾಗಿತ್ತು. ಅಣ್ಣ ಒಳಗೆ ಹೋಗಲಿಲ್ಲ, ಕರೆಯಲೂ ಇಲ್ಲ. ತಮ್ಮನು ಕೊನೆಯ ಗಂಟು ಹಾಕುವ ತನಕ ಬಾಗಿಲಲ್ಲೇ ಕಾದ. ಆಮೇಲೆ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟು, "ಹಾಕಲಾ ತಮ್ಮಾ?" ಎಂದ.

ಅಜ್ಜ ಕತೆ ಅಲ್ಲಿಗೇ ನಿಲ್ಲಿಸಿದರು.

"ತಮ್ಮ ಏನಂದ, ಅಜ್ಜಾರೇ?" ಎಂದು ಮುರಿಗೆಪ್ಪ ಕೇಳಿದ. ಕೇಳುತ್ತಿರುವಾಗಲೇ ಅವನ ಕಣ್ಣು ಶಾಲೆಯ ಬಾಗಿಲಿಗೆ ಹೋಗಿ ಬಂತು.

ಅಜ್ಜ ಅದನ್ನು ನೋಡಿದರು.

"ಮುರಿಗೆಪ್ಪ, ನಿನ್ನ ಚಪ್ಪಲಿ ಆ ಬಾಗಿಲ ಹೊರಗೇ ಇವೆಯಲ್ಲ? ಕಲಿಯುವವರ ಊರಿಗೂ ಬಸ್ಸಿದೆ."